ಗುರೆಳ್ಳಿನ ಕಪ್ಪು

ಬಾಜೂ ಮನೆಯವರು ಗುರೆಳ್ಳು, ಅಂದರೆ ಹುಚ್ಚೆಳ್ಳು, ಹುರಿಯುತ್ತಿದ್ದಾರೆ. ಆ ವಾಸನೆಗೆ ಮೊದಲೆಲ್ಲ ನನಗೆ ಬಿಸಿ ರೊಟ್ಟಿ ನೆನಪಾಗುತ್ತಿತ್ತು; ಈಗ ಅಕ್ಕನ ಸಂಡಾಸದ ಬಣ್ಣ ನೆನಪಾಗುತ್ತದೆ. ಊಟಕ್ಕೆ ಕುಳಿತಿದ್ದರೆ ಕ್ಷಮಿಸಿ, ಇದು ಅದರದೇ ಕಥೆ.

ತುಕ್ಕಾನಟ್ಟಿಯಲ್ಲಿರುವ ಅಕ್ಕನಿಗೆ ಎರಡೂ ಕಿಡ್ನಿ ಕೈಕೊಟ್ಟು ಆರು ವರ್ಷ. ವಾರಕ್ಕೆರಡು ಸಲ ಗೋಕಾಕಕ್ಕೆ ಬಂದು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಾಳೆ. ಬಸ್‌ಸ್ಟ್ಯಾಂಡಿನಿಂದ ಆಸ್ಪತ್ರೆಗೆ ಕರೆದೊಯ್ಯುವ ಕೆಲಸ ನನ್ನದು. ಏನೇನು ತಿನ್ನಬಾರದು ಎಂದು ಅಲ್ಲಿ ಬರೆದುಕೊಟ್ಟ ಹಾಳೆ ನಮ್ಮ ಅಡುಗೆಮನೆಯ ಗೋಡೆಯ ಮೇಲಿದೆ. ಗುರೆಳ್ಳು ಚಟ್ನಿಯೂ ಅದರಲ್ಲಿದೆ. ಆದರೆ ಎರಡು ವರ್ಷದ ಹಿಂದೆ ಅಕ್ಕ ಆಸೆಪಟ್ಟು ಕೇಳಿದಾಗ ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಪುಟ್ಟ ಡಬ್ಬಿ ತುಂಬಿ ಚೀಲದ ತಳಕ್ಕಿಟ್ಟು ಕಳಿಸಿದೆ.

ಎರಡನೆಯ ದಿನ ಫೋನು. "ತಮ್ಮಾ, ಸಂಡಾಸ ಕರ್ರಗ ಆಗಾಕತ್ತೈತಿ, ಡಾಂಬರಿನಂಗ."

ಮೂವತ್ತು ವರ್ಷ ಸಾಲೆಯಲ್ಲಿ ವಿಜ್ಞಾನ ಕಲಿಸಿದವನು ನಾನು. ಯಾರು ಏನೇ ಕೇಳಲಿ, ಕಾರಣ ಹೇಳದಿದ್ದರೆ ತಿಂದದ್ದು ಅರಗುವುದಿಲ್ಲ. "ಕರೀ ಚಟ್ನಿ ತಿಂದರ ಕರ್ರಗಽ ಆಗತೈತಿ, ಅಂಜಬ್ಯಾಡ," ಎಂದೆ. ಯಾರಿಗೂ ಹೇಳಬೇಡ ಎಂದೂ ಸೇರಿಸಿದೆ. ನರ್ಸಬಾಯಿ ಬೈದಾರು ಎಂಬ ಹೆದರಿಕೆ ಇದ್ದದ್ದು ನನಗೆ.

ಮುಂದಿನ ಸಲ ಬಸ್ಸಿನ ಮೆಟ್ಟಿಲು ಇಳಿಯುವಷ್ಟರಲ್ಲೇ ಆಕೆಗೆ ಏದುಸಿರು. ನರ್ಸಬಾಯಿ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಸಂಡಾಸ ಯಾವ ಬಣ್ಣ ಎಂದು ಕೇಳಿದರು. ಅಕ್ಕ ನನ್ನ ಮುಖ ನೋಡಿದಳು. ಡಬ್ಬಿಯ ಸಂಗತಿ ಬಾಯಿಬಿಟ್ಟೆ. ಡಾಕ್ಟರು ಬೈದಿದ್ದರೆ ಚೆನ್ನಾಗಿತ್ತು.

"ಮಾಸ್ತರ, ಅದು ಚಟ್ನಿ ಅಲ್ಲರಿ, ರಕ್ತ. ಇನ್ನೊಂದ ದಿನ ಬಿಟ್ಟಿದ್ರ ಕೈ ಮೀರತಿತ್ತು."

ಕಿಡ್ನಿ ಹೋದವರ ಹೊಟ್ಟೆಯೊಳಗೆ ಹೀಗೆ ಸದ್ದಿಲ್ಲದೆ ರಕ್ತ ಸೋರುವುದುಂಟಂತೆ. ಸೋರಿದ್ದು ಕಪ್ಪಾಗಿ ಹೊರಬರುತ್ತದಂತೆ. ಬಾಯಿಂದ ಕೊಳವೆ ಇಳಿಸಿ ಸೋರುವ ಜಾಗ ಮುಚ್ಚಿದರು, ರಕ್ತ ಏರಿಸಿದರು. ಅಕ್ಕ ಉಳಿದಳು. ನಾನು ಆಸ್ಪತ್ರೆಯ ನಲ್ಲಿಯ ಹತ್ತಿರ ನಿಂತು ಅತ್ತೆ.

ಅಂದಿನಿಂದ ದಿನಾ ಬೆಳಿಗ್ಗೆ ಅಕ್ಕನ ಫೋನು. ಚಹಾ ಆಯಿತೇ ಎನ್ನುವ ಮೊದಲೇ "ಹಳದಿ ಐತಿ" ಎನ್ನುತ್ತಾಳೆ. ನನ್ನ ಹೆಂಡತಿ ಅದಕ್ಕೆ ಬಣ್ಣದ ವಾರ್ತೆ ಎಂದು ಹೆಸರಿಟ್ಟಿದ್ದಾಳೆ.

ಇವತ್ತು, ಈ ಗುರೆಳ್ಳಿನ ವಾಸನೆಯ ನಡುವೆಯೇ, ವಾರ್ತೆ ಬಂತು. "ಸ್ವಲ್ಪ ಕರ್ರಗ ಐತಿ ತಮ್ಮಾ. ಮೊನ್ನಿಂದ ಕಬ್ಬಿಣದ ಗುಳಿಗಿ ಕೊಟ್ಟಾರಲ್ಲ, ಅದಕ್ಕಽ ಇರಬೇಕು. ಹೌದಿಲ್ಲೋ?"

ಇದ್ದರೂ ಇರಬಹುದು. ಆ ಗುಳಿಗೆಗೂ ಹಾಗಾಗುತ್ತದೆ ಎಂದು ನಾನು ಓದಿದ್ದೇನೆ. ಕಾರಣ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

"ನನಗ ಗೊತ್ತಿಲ್ಲ ಅಕ್ಕಾ," ಎಂದೆ. "ಗಾಡಿ ತಗೊಂಡ ಬರಾಕತ್ತೇನಿ, ತಯಾರಾಗು."