ಡಬ್ಬಿಯ ಹಣೆಗೆ ವಿಭೂತಿ

ದಾಳಿಂಬೆ ತೋಟದ ಕಂಬಗಳಿಗೆ ನಡುವಿನಲ್ಲಿ ವಿಭೂತಿ ಏಕಿದೆ ಎಂದು ಮೊಮ್ಮಕ್ಕಳು ನೀವು ಕೇಳಿದ್ದಿರಿ. ಆಗ ಮನೆ ತುಂಬ ಜನರಿದ್ದರು, ನಾನು ಹೇಳಲಿಲ್ಲ. ಬರೆಯುವುದು ನನಗೆ ಸುಲಭ.

ಹಿರೇಗುಂಟನೂರಿನ ನಮ್ಮ ತೋಟಕ್ಕೆ ಕಂಬ ನೆಟ್ಟು ಡಬ್ಬಿ ಕೂರಿಸಿದವಳು ಹೊಳಲ್ಕೆರೆ ಕಡೆಯ ಒಬ್ಬ ಕಾಲೇಜು ಹುಡುಗಿ. ಬುಡದ ಮಣ್ಣಿನಲ್ಲಿ ತೇವ ಎಷ್ಟಿದೆ ಎಂಬುದನ್ನು ಒಂದು ಡಬ್ಬಿ ತಂತಿಯಿಲ್ಲದೆ ಪಕ್ಕದ ಡಬ್ಬಿಗೆ ಹೇಳುತ್ತದೆ, ಅದು ಮುಂದಿನದಕ್ಕೆ. ಕೊನೆಗೆ ಸುದ್ದಿ ನಮ್ಮ ಮಾಳಿಗೆಯ ಮೇಲಿನ ಡಬ್ಬಿಗೆ ಬಂದು ಅವಳ ಫೋನಿಗೆ ಹೋಗುತ್ತದೆ. ಡಬ್ಬಿಯ ನೆತ್ತಿಯ ಮೇಲೆ ಅಂಗೈಯಗಲ ಸೋಲಾರ್ ತಗಡು, ಒಳಗೆ ಸಣ್ಣ ಬ್ಯಾಟರಿ. ಅದನ್ನು ಉಳಿಸಲು ಡಬ್ಬಿಗಳು ಮಲಗಿಯೇ ಇರುತ್ತವೆ. ನಡುನಡುವೆ ಎದ್ದು ಒಂದು ಮಾತು ಹೇಳಿ ಮತ್ತೆ ಮಲಗುತ್ತವೆ.

ದಸರಾ ಕಳೆದ ಮೇಲೆ ಮನೆಗೆ ಹತ್ತಿರದ ಡಬ್ಬಿ ಸುಮ್ಮನಾಯಿತು. ಅದರ ಹಿಂದಿನವುಗಳ ಸುದ್ದಿಯೂ ನಿಂತಿತು. ಶನಿವಾರ ಹುಡುಗಿ ಬಸ್ಸಿಳಿದು ನೇರ ತೋಟಕ್ಕೆ ಬಂದಳು. ಸೋಮವಾರ ಅವಳ ಮೇಷ್ಟ್ರು ನೋಡಲು ಬರುವವರಿದ್ದರು. ಡಬ್ಬಿಗಳು ಮಾತಾಡದಿದ್ದರೆ ಕಿತ್ತು ಬೇರೆಯವರಿಗೆ ಕೊಡುತ್ತಾರಂತೆ. ಅವಳ ಇಷ್ಟು ದಿನದ ಕೆಲಸ ಮಣ್ಣುಪಾಲು.

"ಕೂಗಿ ಎಬ್ಬಿಸಬಾರದೇನವ್ವ?" ಎಂದು ಕೇಳಿದಳು ನನ್ನ ನೆಗೇಣಿ, ನಿಮ್ಮ ಚಿಕ್ಕಜ್ಜಿ.

"ಸುಮ್‌ಸುಮ್ನೆ ಎಬ್ಬಿಸಿದ್ರೆ ಇರೋ ಬ್ಯಾಟರಿನೂ ಹೋಗ್ತೈತಜ್ಜಿ. ಬದ್ಲಿ ಡಬ್ಬಿ ನನ್ತಾವ ಒಂದೂ ಇಲ್ಲ."

"ಎಬ್ಬಿಸಂಗೂ ಇಲ್ಲ, ಬದ್ಲಿನೂ ಇಲ್ಲ. ಹಂಗಾದ್ರೆ ನಮ್ಮನೆ ಗಂಡಸ್ರ ಪೈಕಿನೇ ಬಿಡು."

ಹುಡುಗಿ ನಗಲಿಲ್ಲ. ಬದುವಿನ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದಳು. ಡಬ್ಬಿಗಳು ತೇವದ ಜೊತೆಗೆ ತಮ್ಮ ಬ್ಯಾಟರಿ ಎಷ್ಟಿದೆ ಎಂಬುದನ್ನೂ ಹೇಳಿರುತ್ತವೆ. ನಮ್ಮ ತೋಟದವೆಲ್ಲ ಒಂದೇ ದಿನದಿಂದ ಇಳಿಯುತ್ತ ಬಂದಿದ್ದವು. ಉಳಿದವುಗಳ ಮಾತನ್ನೂ ಹೊರುತ್ತಿದ್ದ ಮನೆ ಹತ್ತಿರದ್ದು ಮೊದಲು ಸೋತಿತ್ತು. ಪಕ್ಕದ ತೋಟದಲ್ಲಿ ಅವಳೇ ನೆಟ್ಟವು ಚೆನ್ನಾಗಿದ್ದವು.

"ಇದೇ ದಿನದಿಂದ ಇಳಿದಾವೆ. ಅವತ್ತು ಇಲ್ಲಿ ಏನಾತಜ್ಜಿ?"

ಅದು ಆಯುಧಪೂಜೆಯ ದಿನ. ಪಕ್ಕದವರ ಮನೆಯಲ್ಲಿ ಸಾವಾಗಿ ಆ ವರ್ಷ ಹಬ್ಬವಿರಲಿಲ್ಲ.

"ಪೂಜೆ ಮಾಡಿದ್ವಿ. ಟ್ರ್ಯಾಕ್ಟರಿಗೆ, ಮೋಟರಿಗೆ, ಇವಕ್ಕೂ," ಎಂದಳು ನೆಗೇಣಿ. "ಏಣಿ ಹಾಕ್ಕಂಡು ನಾನೇ ಇಬತ್ತಿ ಬಳಿದೆ."

"ಎಲ್ಲಿಗೆ ಬಳಿದ್ರಿ?"

"ಹಣೆಗೆ. ಇನ್ನೆಲ್ಲಿಗೆ ಬಳೀತಾರೆ?"

ಹುಡುಗಿ ಏಣಿ ಹತ್ತಿದಳು. ಕೆಳಗೆ ನಿಂತವರಿಗೆ ತಗಡು ಕಾಣುತ್ತಿರಲಿಲ್ಲ. ಅದರ ತುಂಬ ಮೂರು ಗೆರೆ ವಿಭೂತಿ ಸುಣ್ಣದಂತೆ ಒಣಗಿ, ನಡುವೆ ಕುಂಕುಮವಿತ್ತು. ಬಿಸಿಲು ಒಳಗಿಳಿಯುತ್ತಿರಲಿಲ್ಲ. ಅವಳು ಒರೆಸಲು ಕೈ ಎತ್ತಿದಳು.

"ಹಚ್ಚಿದ ಇಬತ್ತಿ ಅಳಿಸಬಾರ್ದು ಕಣವ್ವ," ಎಂದಳು ನೆಗೇಣಿ, ಏಣಿ ಹಿಡಿದುಕೊಂಡೇ.

ಹುಡುಗಿ ಕೈ ತಡೆದು ನನ್ನ ಕಡೆ ನೋಡಿದಳು. ಪರರ ಎದುರು ನಾನು ಮಾತಾಡುವುದು ಕಡಿಮೆ. ಬಟ್ಟೆ ಒದ್ದೆ ಮಾಡಿ ಮೇಲಕ್ಕೆ ಕೊಟ್ಟೆ.

"ಅಳಿಸಾದು ಬ್ಯಾಡ," ಎಂದೆ. "ಇಳಿಸಾಣ."

ಹಾಗೆಯೇ ಮಾಡಿದೆವು. ಅವಳು ತಗಡಿನಿಂದ ಬಟ್ಟೆಗೆ ತೆಗೆದ ವಿಭೂತಿಯನ್ನು ನೆಗೇಣಿ ಆಯಾ ಕಂಬದ ನಡುವಿಗೆ ಹಚ್ಚುತ್ತ ಬಂದಳು.

ಭಾನುವಾರ ಒಳ್ಳೆಯ ಬಿಸಿಲಿತ್ತು. ಸೋಮವಾರ ಮೇಷ್ಟ್ರು ಬರುವಷ್ಟರಲ್ಲಿ ಮನೆ ಹತ್ತಿರದ್ದು ಎದ್ದಿತ್ತು. ಅವರು ಕಾಫಿ ಕುಡಿಯುತ್ತಿದ್ದಾಗ ಹಿಂದಿನವು ಒಂದೊಂದಾಗಿ ಮಾತಾಡಿದವು. ಹುಡುಗಿ ಫೋನು ನೋಡಿ ಹೇಳುತ್ತಿದ್ದುದನ್ನು ನಾನು ಅಡುಗೆಮನೆಯಲ್ಲಿದ್ದು ಕೇಳಿಸಿಕೊಂಡೆ. ಡಬ್ಬಿಗಳನ್ನು ಕೀಳಲಿಲ್ಲ. ಈಗ ಆಯುಧಪೂಜೆಗೆ ನಿಮ್ಮ ಚಿಕ್ಕಜ್ಜಿ ಕಂಬದ ನಡುವಿಗೇ ಹಚ್ಚುತ್ತಾಳೆ. ಏಣಿ ಹತ್ತುವುದು ತಪ್ಪಿತು ಅನ್ನುತ್ತಾಳೆ.