ಸಹನಾಳ ಪ್ರಾಜೆಕ್ಟೂ, ನಮ್ಮ ಮನೆಯವಳ ಸ್ಕೂಟರೂ

ನನ್ನ ಶರ್ಟಿನ ಜೇಬಿಗೆ ಫೋನ್ ಹಾಕಿ, ರೆಕಾರ್ಡಿಂಗ್ ಆನ್ ಮಾಡಿ, "ದಿನಾ ಹೆಂಗ್ ಮಾತಾಡ್ತೀರೋ ಹಂಗೇ ಮಾತಾಡಿ ಅಂಕಲ್, ಅಷ್ಟೇ ಸಾಕು" ಅಂದ್ಳು ಸಹನಾ.

ಅಷ್ಟೇ ಅಂತೆ.

ಸಹನಾ ಯಲಹಂಕದ ನಮ್ಮ ಮನೆಯ ಮೇಲಿನ ಪೋರ್ಷನ್ನಲ್ಲಿ ಬಾಡಿಗೆಗಿರೋ ಹುಡುಗಿ. ಯೂನಿವರ್ಸಿಟೀಲಿ ಭಾಷಾಶಾಸ್ತ್ರದ ಎಂ.ಎ. ಮನೇಲಿ ಕನ್ನಡ, ಕಾಲೇಜಲ್ಲಿ ಇಂಗ್ಲಿಷ್ ಕಲಿತೋರು ಎರಡನ್ನೂ ಹೆಂಗೆ ಬೆರೆಸಿ ಮಾತಾಡ್ತಾರೆ ಅನ್ನೋದು ಅವಳ ಪ್ರಾಜೆಕ್ಟು.

ಮೊದಲು ಕೊಟ್ಟಿದ್ದ ರೆಕಾರ್ಡಿಂಗ್ ಅವಳ ಗೈಡ್ ಮೇಡಂಗೆ ಹಿಡಿಸಿರಲಿಲ್ಲ. ಸೋಮವಾರದೊಳಗೆ ಹೊಸದು ಕೊಡದಿದ್ರೆ ಸೆಮಿಸ್ಟರೇ ಹೋಗುತ್ತೆ ಅಂತ ಮುಖ ಸಣ್ಣದು ಮಾಡ್ಕೊಂಡಿದ್ಳು.

ನಾನೋ... ಆ ಕಾಲದ ಬಿ.ಎಸ್ಸಿ. ಇಂಗ್ಲಿಷ್ ಮೇಷ್ಟ್ರು ಪಾಠ ಓದಿಸ್ತಿದ್ದಿದ್ದು ನನ್ನ ಕೈಲೇ. ಗಂಟಲು ಜೋರು ಅಂತ ಇರಬಹುದು, ಇರಲಿ. ಹುಡುಗಿ ಮಾರ್ಕ್ಸು ನನ್ನ ಬಾಯಲ್ಲಿದೆ ಅಂದ್ಮೇಲೆ ಬಿಡ್ತೀನಾ? ಇಸ್ತ್ರಿ ಶರ್ಟ್ ಹಾಕ್ಕೊಂಡು ಹೊರಟೆ.

ಸೊಪ್ಪು ಮಾರೋ ನಾಗಮ್ಮನಿಗೆ, "ಮೇಡಂ, ಕೈಂಡ್ಲಿ ಇನ್ಫಾರ್ಮ್ ಮಿ, ಈಸ್ ದಿಸ್ ಕೊರಿಯಾಂಡರ್ ಆಫ್ ಟುಡೇ?" ಅಂದೆ.

ನಾಗಮ್ಮ ಕಟ್ಟು ಕೆಳಗಿಟ್ಟು ನನ್ನ ಮುಖಾನೇ ನೋಡಿದ್ಳು. "ಯಾಕಣ್ಣಾ, ಉಸಾರಿಲ್ವಾ? ಬಾ ಇಂಗೆ ಕೂತ್ಕೋ, ನೀರು ಕುಡಿ."

ಪಾರ್ಕಲ್ಲಿ ಗೆಳೆಯ ಶಿವಣ್ಣ, "ಏನ್ ಗುರು, ವೀಸಾ ಇಂಟರ್‌ವ್ಯೂ ಇದ್ಯಾ?" ಅಂದ.

ಸಂಜೆ ಕೇಳಿಸ್ಕೊಂಡ ಸಹನಾ ತಲೆ ಮೇಲೆ ಕೈ ಹೊತ್ಕೊಂಡ್ಳು. ಅದ್ರಲ್ಲಿ ಕನ್ನಡಾನೇ ಇಲ್ವಂತೆ.

ಇಲ್ದೇ ಇದ್ರೆ ಹಾಕಿದ್ರಾಯ್ತು! ಮಾರನೇ ದಿನ ಬರೀ ಅಚ್ಚ ಕನ್ನಡ. ಬಸ್ಸಲ್ಲಿ ಕಂಡಕ್ಟರ್‌ಗೆ, "ನಿರ್ವಾಹಕರೇ, ಹೆಬ್ಬಾಳಕ್ಕೊಂದು ಚೀಟಿ ದಯಪಾಲಿಸಿ" ಅಂದೆ.

"ನಾಟಕದಲ್ಲಿ ಯಾವ ಪಾರ್ಟು ಸಾರ್ ನಿಮ್ದು?" ಅಂದ. ಇಡೀ ಬಸ್ಸು ನಕ್ಕಿತು.

ಆ ಸಂಜೆ ಬಸ್ಸಿನ ಕಥೆ ಕೇಳಿ ಸಹನಾಳ ಮುಖ ಬಾಡಿತು. ಫೋನ್ ತಗೊಂಡು ಸುಮ್ನೆ ಮೆಟ್ಟಿಲು ಹತ್ತಿ ಹೋದ್ಳು. ಬೈದಿದ್ರೇ ಚೆನ್ನಾಗಿರ್ತಿತ್ತು... ಊಟ ಸೇರಲಿಲ್ಲ ನನಗೆ.

ಭಾನುವಾರ ಬೆಳಗ್ಗೆ ನೋಡ್ತೀನಿ, ಕುಣೀತಾ ಇಳಿದು ಬರ್ತಿದ್ದಾಳೆ. "ಸಿಕ್ತು ಅಂಕಲ್!"

ನಮ್ಮ ಮನೆಯವಳು ಸುಮಿತ್ರಾ ಹೋಗಿ ಮೂರು ವರ್ಷ. ಅವಳ ಸ್ಕೂಟರ್ ಓಡಿಸೋಕೆ ನನಗೆ ಬರಲ್ಲ. ಆದ್ರೂ ಬ್ಯಾಟರಿ ಇಳೀಬಾರದು ಅಂತ ದಿನಾ ಬೆಳಗ್ಗೆ ಕಾಂಪೌಂಡಲ್ಲೇ ಸ್ಟಾರ್ಟ್ ಮಾಡಿ ಪಕ್ಕದಲ್ಲೇ ನಿಂತ್ಕೋತೀನಿ. ಇಂಜಿನ್ ಓಡ್ತಿರೋವರೆಗೂ ಅವಳ ಹತ್ರ ಅದೂ ಇದೂ ಮಾತು... ಬಸ್ಸು ಹತ್ತೋಕೆ ಮುಂಚೆ ಜೇಬಲ್ಲಿ ಫೋನಿರೋದು ಮರೆತು ಅವತ್ತೂ ಮಾತಾಡಿದ್ದೆ.

ಸಹನಾ ಹಾಕಿ ಕೇಳಿಸಿದ್ಳು. ನನ್ನದೇ ದನಿ.

"ನೋಡೇ, ಚಾರ್ಜ್ ಮಾಡ್ತಿದೀನಿ, ಆಮೇಲೆ ಡೋಂಟ್ ಬ್ಲೇಮ್ ಮಿ. ಮೇಲಿನ ಹುಡುಗೀದು ಪ್ರಾಜೆಕ್ಟ್ ಕೆಡೋ ಹಂಗಿದೆ, ಏನಾದ್ರೂ ಐಡಿಯಾ ಕೊಡು... ಹೂಂ... ಆಯ್ತಾಯ್ತು, ಯೂ ಆರ್ ರೈಟ್. ಯಾವಾಗ್ಲೂ ನೀನೇ ರೈಟು."

ರಾತ್ರೀನೇ ಮೇಡಂಗೆ ಕಳಿಸಿದ್ಳಂತೆ. ಬಹಳ ಮೆಚ್ಚಿದ್ದಾರೆ. ಒಂದೇ ತೊಂದರೆ ಅಂತ ಸಹನಾ ನೆಲ ನೋಡ್ತಾ ಹೇಳಿದ್ಳು. ಮಾತಾಡ್ತಿರೋ ಇಬ್ಬರದೂ ಒಪ್ಪಿಗೆ ಬೇಕಂತೆ. ಅದು ರೂಲು. ಇನ್ನೊಬ್ಬರು ಯಾರು ಅಂತ ಮೇಡಂ ಕೇಳಿದ್ದಾರೆ.

"ಬದುಕಿದ್ದಾಗ್ಲೇ ನನ್ನ ಒಂದು ಪ್ಲಾನಿಗೂ ಒಪ್ಪಿದವಳಲ್ಲ ಕಣಮ್ಮಾ" ಅಂದೆ. ಹುಡುಗಿಗೆ ನಗಬೇಕೋ ಬೇಡವೋ ಗೊತ್ತಾಗಲಿಲ್ಲ.

ಅವಳನ್ನೂ ಕರ್ಕೊಂಡು ಸ್ಕೂಟರ್ ಹತ್ರ ಹೋದೆ. "ಏನೇ, ನಮ್ಮ ಮಾತು ಈ ಹುಡುಗೀಗೆ ಕೊಟ್ಬಿಡ್ಲಾ?" ಅಂತ ಕೇಳಿ ಬಟನ್ ಒತ್ತಿದೆ.

ದಿನಾ ಕೆಮ್ಮಿ ಕೆಮ್ಮಿ ಸತಾಯಿಸೋ ಗಾಡಿ, ಒಂದೇ ಸಲಕ್ಕೆ ಸ್ಟಾರ್ಟ್ ಆಗ್ಬೇಕಾ!

ಮೇಡಂಗೆ ಏನಂತ ಬರೀಲಿ ಅಂಕಲ್ ಅಂತ ಸಹನಾ ಪಕ್ಕದಲ್ಲೇ ಕೂತಿದ್ದಾಳೆ... ಇದನ್ನ ಒಪ್ಪಿಗೆ ಅಂತ ತಗೋಬಹುದಲ್ವಾ, ನೀವೇನಂತೀರಾ?