ಐದು ಗಂಟೆಯ ಬಸ್ಸು ಮತ್ತು ಓಡುವ ಪರದೆ

ಕಳೆದ ವಾರ ಅಡುಗೆಮನೆಯ ನಲ್ಲಿ ರಿಪೇರಿಗೆ ಬಂದ ಪ್ಲಂಬರ್, ಅಂಗಡಿಗೆ ಹೋಗಿ ಒಂದು ಟೀ ತನ್ನಿ ಎಂದ. ಕುಡಿಯುವ ಟೀ ಅಲ್ಲ, ಪೈಪಿಗೆ ಹಾಕುವ ಟೀ. ಮೂರು ಬಾಯಿಯ ಆ ಪುಟ್ಟ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ಅಂಗಡಿಯ ಮುಂದೆ ನಿಂತಾಗ ನನಗೆ ರೆಹಾನಾ ನೆನಪಾದಳು. ಅವಳಿಂದ ಲಿನಕ್ಸ್ ನೆನಪಾಯಿತು. ಕೊಳಾಯಿಗೂ ಕಂಪ್ಯೂಟರಿಗೂ ಎತ್ತಣ ಸಂಬಂಧ ಎಂದು ನೀವು ಕೇಳಬಹುದು. ಸ್ವಲ್ಪ ಸುತ್ತಿ ಬರಬೇಕು, ಬನ್ನಿ.

ಅದು ತೊಂಬತ್ತರ ದಶಕದ ಕೊನೆ. ಚಾಮರಾಜನಗರ ಆಗಷ್ಟೇ ಜಿಲ್ಲೆಯಾಗಿತ್ತು. ಅದೇ ಹುಮ್ಮಸ್ಸಿನಲ್ಲಿ ಪುಟ್ಟಮಾದಪ್ಪನವರು ತಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟನ್ನು ಕಂಪ್ಯೂಟರ್ ಸೆಂಟರ್ ಮಾಡಿಬಿಟ್ಟರು. ಬೋರ್ಡು ಬದಲಾಯಿತು, ಟೈಪ್‌ರೈಟರುಗಳು ಮೂಲೆಗೆ ಸರಿದವು, ಅವರು ಮಾತ್ರ ಹಾಗೇ ಉಳಿದರು. ಅಕ್ಷರ ಒತ್ತಿದರೆ ಟಕ್ಕೆಂದು ಸದ್ದಾಗಬೇಕು, ಒತ್ತಿದ್ದು ಕಣ್ಣಿಗೆ ಕಾಣಬೇಕು. ಇಲ್ಲದಿದ್ದರೆ ಕೆಲಸ ನಡೆದಿದೆ ಎಂದು ಅವರು ನಂಬುತ್ತಿರಲಿಲ್ಲ. ನಾನು ಅಲ್ಲಿ ಪಾಠ ಹೇಳುತ್ತಿದ್ದೆ. ರೆಹಾನಾ ಅಲ್ಲಿ ಟೈಪಿಂಗ್ ಕೆಲಸಕ್ಕೆ ಗುಂಡ್ಲುಪೇಟೆಯಿಂದ ತೆರಕಣಾಂಬಿ ಮೇಲಿನ ಬಸ್ಸಿನಲ್ಲಿ ಬಂದುಹೋಗುತ್ತಿದ್ದಳು. ಅವಳು ಅಬ್ಬ ಎಂದು ಕರೆಯುತ್ತಿದ್ದ ಅವಳ ತಂದೆಗೆ ಗುಂಡ್ಲುಪೇಟೆಯಲ್ಲಿ ಬೋರ್‌ವೆಲ್ ಪೈಪಿನ ಅಂಗಡಿಯಿತ್ತು.

ಸೆಂಟರಿನ ಒಂದು ಹಳೆಯ ಕಂಪ್ಯೂಟರಿಗೆ ಪುಟ್ಟಮಾದಪ್ಪನವರ ಅಳಿಯ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆ ಹಾಕಿಕೊಟ್ಟಿದ್ದ. ಯಾವುದೋ ಪತ್ರಿಕೆಯ ಜೊತೆ ಬಂದ ಸಿ.ಡಿ. ಅದು. ಚಿತ್ರವಿಲ್ಲ, ಬಣ್ಣವಿಲ್ಲ, ಕಪ್ಪು ಪರದೆ, ಬಿಳಿ ಅಕ್ಷರ. ನಾವು ಒಂದು ಆಜ್ಞೆ ಟೈಪು ಮಾಡಿದರೆ ಅದು ಸಾಲುಸಾಲಾಗಿ ಉತ್ತರ ಕೊಡುತ್ತಿತ್ತು. ನನಗೆ ಅದನ್ನು ಕಂಡರೆ ಒಳಗೊಳಗೇ ಭಯ. ವಿದ್ಯಾರ್ಥಿಗಳು ಕೇಳಿದರೆ "ಅದೆಲ್ಲ ಅಡ್ವಾನ್ಸ್ಡ್ ಕೋರ್ಸಲ್ಲಿ ಬರತ್ತೆ" ಎಂದು ಗಂಭೀರವಾಗಿ ಹೇಳಿ ಜಾರಿಕೊಳ್ಳುತ್ತಿದ್ದೆ. ಅಂಥ ಕೋರ್ಸು ನಮ್ಮಲ್ಲಿ ಇರಲೇ ಇಲ್ಲ.

ಹೀಗಿರುವಾಗ ಮೈಸೂರಿನ ಪ್ರಕಾಶಕರೊಬ್ಬರು ಹೊಸ ಜಿಲ್ಲೆಯ ಊರುಗಳ ಬಗ್ಗೆ ಪುಸ್ತಕ ತರಲು ಹೊರಟು, ಟೈಪಿಂಗ್ ಕೆಲಸವನ್ನು ನಮಗೆ ಒಪ್ಪಿಸಿದರು. ತಪ್ಪು ಉಳಿಯಬಾರದೆಂದು ಪ್ರತಿ ಪುಟವನ್ನೂ ನಾನೊಮ್ಮೆ, ರೆಹಾನಾ ಒಮ್ಮೆ ಬೇರೆಬೇರೆಯಾಗಿ ಟೈಪು ಮಾಡುವುದು. ಅಳಿಯ ಬರೆದುಕೊಟ್ಟ ಪ್ರೋಗ್ರಾಮು ಎರಡನ್ನೂ ಹೋಲಿಸಿ, ವ್ಯತ್ಯಾಸವಿದ್ದ ಕಡೆಯನ್ನು ಪರದೆಯ ಮೇಲೆ ತೋರಿಸುವುದು. ಪುಣಜನೂರು ನನ್ನ ಕೈಯಲ್ಲಿ ಪುಣಜೂರು ಆಗಿರುತ್ತಿತ್ತು. ಹರವೆ ಎಂಬ ಊರನ್ನು ನಾನು ಬೇರೆಬೇರೆ ರೂಪದಲ್ಲಿ ಕೊಂದಿದ್ದೆ. ರೆಹಾನಾಳ ತಪ್ಪುಗಳು ಅಪರೂಪ.

ಪ್ರೋಗ್ರಾಮು ನಿಧಾನ. ಊಟವಾದ ಮೇಲೆ ಶುರುಮಾಡಿದರೆ ಸಂಜೆಯವರೆಗೂ ತೆವಳುತ್ತಿತ್ತು. ತಪ್ಪುಗಳು ಬಂದಾಗ ಮಾತ್ರ ಒಟ್ಟೊಟ್ಟಿಗೆ ಸುರಿದು, ಮೇಲಕ್ಕೆ ಓಡಿ ಮಾಯವಾಗುತ್ತಿದ್ದವು. ಕೀ ಒತ್ತಿ ಸ್ವಲ್ಪ ಹಿಂದಕ್ಕೆ ಹೋಗಬಹುದಿತ್ತು, ಅದಕ್ಕಿಂತ ಹಿಂದಿನದು ಹೋದದ್ದೇ. ಆದ್ದರಿಂದ ಯಾರಾದರೂ ಎದುರಿಗೇ ಕೂತು, ಪರದೆಯನ್ನು ನಿಲ್ಲಿಸಿ, ಕಾಗದಕ್ಕೆ ಬರೆದುಕೊಂಡು, ಮತ್ತೆ ಓಡಿಸಬೇಕಿತ್ತು. ನಿಲ್ಲಿಸಿದಷ್ಟು ಹೊತ್ತು ಪ್ರೋಗ್ರಾಮೂ ನಿಲ್ಲುತ್ತಿತ್ತು.

ಒಂದು ಸಂಜೆ ರೆಹಾನಾ ಐದು ಗಂಟೆಯ ಬಸ್ಸಿಗೆ ಎದ್ದಳು. "ಕೂತ್ಕಳಮ್ಮಿ, ಮುಗೀಲಿ. ಅರ್ಧಕ್ಕೆ ಬುಟ್ಟೋದ್ರೆ ಮಿಕ್ಕಿದ್ದ ನೋಡೋರ್ಯಾರು?" ಎಂದರು ಪುಟ್ಟಮಾದಪ್ಪನವರು. ಆ ಹೊತ್ತಿನಲ್ಲಿ ನನಗೆ ಪಕ್ಕದ ಕೋಣೆಯಲ್ಲಿ ಕ್ಲಾಸು. ಅವಳು ಕೂತಳು. ಬಸ್ಸು ಹೋಯಿತು. ಮುಂದಿನ ಬಸ್ಸು ಬಂದಾಗ ದೀಪ ಹತ್ತಿತ್ತು, ಅದರಲ್ಲಿ ನಿಲ್ಲಲೂ ಜಾಗವಿರಲಿಲ್ಲ. ವಾರದಲ್ಲಿ ಹಲವು ಸಲ ಹೀಗಾಯಿತು.

ಮುಂದಿನ ಸೋಮವಾರ ಅವಳ ಜೊತೆ ಅವಳ ತಂದೆಯೂ ಬಂದರು. ಎತ್ತರದ ಮನುಷ್ಯ, ಬಿಳಿ ಟೋಪಿ. ಕುರ್ಚಿ ಕೊಟ್ಟರೂ ಕೂರಲಿಲ್ಲ. "ಸಾರ್, ಕೆಲ್ಸ ಮಾಡ್ಲಿ, ಬ್ಯಾಡ ಅನ್ನಕಿಲ್ಲ. ಐದ್ ಗಂಟೆ ಬಸ್ಸಿಗೆ ಮಗ್ಳುನ ಬುಟ್ಬುಡಿ. ಇಲ್ದಿದ್ರೆ ನಾಳೆಯಿಂದ ಕಳ್ಸಕಾಗಲ್ಲ" ಎಂದರು. ಮಾತು ಮೆಲ್ಲಗಿತ್ತು. ಪುಟ್ಟಮಾದಪ್ಪನವರು ಎದ್ದು ನಿಂತೇ ಉತ್ತರ ಕೊಟ್ಟರು. "ಬುಡ್ತೀನಿ ಸಾಯೇಬ್ರೇ. ಆದ್ರೆ ಪರ್ದೆ ಓಡೋಯ್ತದಲ್ಲ, ಅದ್ಕೇನ್ ಮಾಡನ?"

ಅದಕ್ಕೇನು ಮಾಡೋಣ ಎಂದು ತಲೆ ಕೆಡಿಸಿಕೊಂಡವಳು ರೆಹಾನಾ. ಲಿನಕ್ಸ್ ತನ್ನ ಕೈಪಿಡಿಯನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಅವಳು ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಅದನ್ನು ಓದತೊಡಗಿದಳು. ಒಂದು ಮಧ್ಯಾಹ್ನ ಆಜ್ಞೆಯ ಕೊನೆಗೆ, ಗಣಿತದಲ್ಲಿ 'ಇದಕ್ಕಿಂತ ದೊಡ್ಡದು' ಎನ್ನಲು ಹಾಕುತ್ತೇವಲ್ಲ, ಆ ಬಾಣದಂಥ ಗುರುತು ಹಾಕಿ ಮುಂದೆ ಒಂದು ಫೈಲಿನ ಹೆಸರು ಬರೆದಳು. ಪರದೆಗೆ ಬರಬೇಕಾದದ್ದೆಲ್ಲ ನೇರವಾಗಿ ಫೈಲಿಗೆ ಹೋಗತೊಡಗಿತು. ಅವಳು ಖುಷಿಯಿಂದ ಬಸ್ಸಿಗೆ ಹೋದಳು.

ಆದರೆ ಪರದೆಯ ಮೇಲೆ ಒಂದಕ್ಷರವೂ ಬರುತ್ತಿರಲಿಲ್ಲವಲ್ಲ! ಪುಟ್ಟಮಾದಪ್ಪನವರು ಬಂದು ನೋಡಿದರು, ಕಾದರು, ಮಾನಿಟರಿನ ನೆತ್ತಿಗೆ ತಟ್ಟಿದರು. ನಾನು ಕ್ಲಾಸು ಮುಗಿಸಿ ಬರುವಷ್ಟರಲ್ಲಿ ಸ್ವಿಚ್ಚು ಆರಿಸಿದ್ದರು. "ಸತ್ತೋಗಿತ್ತು ಕಣಮ್ಮಿ ಮಿಷನ್ನು. ಆರಿಸ್ಬುಟ್ಟೆ" ಎಂದರು ನನ್ನೊಡನೆ, ಒಂದು ಅನಾಹುತ ತಪ್ಪಿಸಿದ ಸಮಾಧಾನದಲ್ಲಿ.

ಮರುದಿನ ವಿಷಯ ತಿಳಿದು ರೆಹಾನಾ ಅತ್ತಳು. ಆಮೇಲೆ ಮುಖ ತೊಳೆದು ಬಂದು ಮತ್ತೆ ಕೈಪಿಡಿ ತೆರೆದಳು. ಊಟದ ಹೊತ್ತಿಗೆ, "ಅಕ್ಕಾ, ಇಲ್ಲಿ ಬನ್ನಿ. ಇದ್ರ ಹೆಸ್ರು ನೋಡಿ, ಟೀ!" ಎಂದು ಕೂಗಿದಳು. ಅವಳು ಪುಟ್ಟಮಾದಪ್ಪನವರನ್ನೂ ಕರೆದು ಕೂರಿಸಿದಳು.

"ಸಾರ್, ಬೋರ್ ಪೈಪಿಗೆ ನಮ್ಮಬ್ಬ ಟೀ ಹಾಕ್ತಾರಲ್ಲ, ಒಂದ್ ಕಡೆ ತೊಟ್ಟಿಗೆ, ಇನ್ನೊಂದ್ ಕಡೆ ಗದ್ದೆಗೆ? ಇದೂ ಅಂಗೇ. ಪರ್ದೆ ಮೇಲೂ ಬತ್ತದೆ, ಫೈಲಿಗೂ ಓಯ್ತದೆ."

"ಎರಡ್ಕೂವಾ?"

"ಎರಡ್ಕೂ ಸಾರ್. ನೀವು ಪರ್ದೆ ನೋಡ್ಕಳಿ. ಓಡೋಗಿದ್ದೆಲ್ಲ ಬೆಳಿಗ್ಗೆ ಫೈಲಲ್ಲಿ ಇರ್ತದೆ."

ಆಜ್ಞೆಯ ಮುಂದೆ ಒಂದು ನಿಲುವುಗೆರೆ, ಅದರ ಹೆಸರೂ ಪೈಪೇ, ಅದರಾಚೆ ಟೀ, ಆಮೇಲೆ ಫೈಲಿನ ಹೆಸರು. ಪರದೆ ಎಂದಿನಂತೆ ಓಡಿತು. ಐದಕ್ಕೆ ಮುಂಚೆ ರೆಹಾನಾ ಬ್ಯಾಗು ತೆಗೆದುಕೊಂಡು ಬಾಗಿಲಲ್ಲಿ ನಿಂತಳು. ಪುಟ್ಟಮಾದಪ್ಪನವರು ಪರದೆಯನ್ನೂ ಅವಳನ್ನೂ ನೋಡಿ, "ಓಗಮ್ಮಿ, ಬಸ್ಸು ಬುಟ್ಬುಡ್ತದೆ" ಎಂದರು. ಆದರೂ ನಂಬಿಕೆ ಸಾಲದೆ ತಾವೇ ಕೂತು, ಬಂದ ತಪ್ಪುಗಳನ್ನೆಲ್ಲ ಕಾಗದಕ್ಕೆ ಇಳಿಸಿಕೊಂಡರು. ಬೆಳಿಗ್ಗೆ ಫೈಲು ತೆರೆದು ಹೋಲಿಸಿದರೆ, ಅವರ ಕಣ್ಣು ತಪ್ಪಿಸಿ ಓಡಿದ್ದೂ ಅದರಲ್ಲಿತ್ತು. ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಅವತ್ತಿನಿಂದ ಯಾರನ್ನೂ ಕಾವಲಿಗೆ ಕೂರಿಸಲಿಲ್ಲ.

ಪುಸ್ತಕ ಬಂತು. ಊರುಗಳ ಹೆಸರೆಲ್ಲ ಸರಿಯಾಗಿದ್ದವು. ಕೃತಜ್ಞತೆಯ ಪುಟದಲ್ಲಿ ಮಾತ್ರ ನಮ್ಮ ಸೆಂಟರಿನ ಹೆಸರು ತಪ್ಪಾಗಿತ್ತು; ಆ ಪುಟ ನಮ್ಮ ಕೈಗೆ ಬಂದಿರಲಿಲ್ಲ.

ಈ ಕಥೆಯನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ, ಒಬ್ಬ ಕಟ್ಟುನಿಟ್ಟಿನ ಅಪ್ಪನ ದೆಸೆಯಿಂದ ನಾವು ಲಿನಕ್ಸ್ ಕಲಿತ ಕಥೆಯೆಂದು. ಕಳೆದ ವಾರ ಆ ಪೈಪಿನಂಗಡಿಯ ಮುಂದೆಯೇ ನಿಂತು ರೆಹಾನಾಗೆ ಫೋನ್ ಮಾಡಿ ಅದನ್ನೇ ಹೇಳಿದೆ. ಗುಂಡ್ಲುಪೇಟೆಯಲ್ಲಿ ಈಗ ಅವಳದೇ ಸೆಂಟರ್ ಇದೆ. ಅವಳು ಜೋರಾಗಿ ನಕ್ಕಳು.

"ನಮ್ಮಬ್ಬ ಎಲ್ಲಿ ಕಟ್ಟುನಿಟ್ಟು ಅಕ್ಕಾ! ಎಷ್ಟೊತ್ತಾದ್ರೂ ಬಸ್‌ಸ್ಟ್ಯಾಂಡಲ್ಲಿ ನಿಂತಿರ್ತೀನಿ, ನೀನು ಕೆಲ್ಸ ಮುಗಿಸ್ಕೊಂಡೇ ಬಾ ಅಂತಿದ್ರು. ನಾನೇ ಬಲವಂತ ಮಾಡಿ ಕರ್ಕೊಂಡ್ ಬಂದಿದ್ದು. ನನ್ ಮಾತ್ನ ಸಾರ್ ಕೇಳ್ತಿರ್ಲಿಲ್ವಲ್ಲ. ಏನ್ ಹೇಳ್ಬೇಕು ಅಂತ ದಾರೀಲೆಲ್ಲ ಹೇಳ್ಕೊಡ್ತಾ ಬಂದೆ."

ಮನೆಗೆ ಬರುವವರೆಗೂ ನನಗೆ ಅದೇ ಯೋಚನೆ. ಅಷ್ಟು ಬುದ್ಧಿಯ ಹುಡುಗಿ ತನ್ನ ಒಂದು ನ್ಯಾಯವಾದ ಮಾತನ್ನು ಅಪ್ಪನ ಬಾಯಲ್ಲಿ ಹೇಳಿಸಬೇಕಾಯಿತು. ಪಕ್ಕದ ಕೋಣೆಯಲ್ಲೇ ಇದ್ದ ನನ್ನನ್ನು ಕರೆಯುವುದು ಅವಳಿಗೆ ಹೊಳೆಯಲಿಲ್ಲ. ಕರೆದರೆ ಬರುತ್ತೇನೆಂದು ಅವಳಿಗೆ ಅನ್ನಿಸುವಂಥದ್ದನ್ನು ನಾನೂ ಏನೂ ಮಾಡಿರಲಿಲ್ಲ.

ಈಗ ನಾನು ಕೆಲಸ ಮಾಡುವ ಕಚೇರಿಯಲ್ಲಿ ದಿವ್ಯಾ ಎಂಬ ಹುಡುಗಿಯಿದ್ದಾಳೆ. ಕಂಪ್ಯೂಟರಿನ ಕೆಲಸ ತಾನಾಗಿಯೇ ನಡೆಯುತ್ತಿದ್ದರೂ, ಎದುರಿಗೇ ಇರಬೇಕೆಂದು ಮ್ಯಾನೇಜರು ಅವಳನ್ನು ಸಂಜೆ ಕೂರಿಸಿಕೊಳ್ಳುತ್ತಾರೆ. ಅವಳು ಬೇಸರ ಹೇಳಿಕೊಂಡಾಗ, "ಮನೆಯವರಿಂದ ಒಂದು ಫೋನ್ ಮಾಡಿಸು" ಎಂದು ನಾನೇ ಉಪಾಯ ಹೇಳಿದ್ದೆ. ಆ ಉಪಾಯ ಬೇಡವೆನಿಸಿ ಈ ಸೋಮವಾರ ಹೋಗಿ ಮ್ಯಾನೇಜರ ಎದುರು ಕೂತೆ. ದಿವ್ಯಾಳನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. "ನಿನ್ನ ಮಾತು ನೀನೇ ಹೇಳು, ನಾನಿಲ್ಲಿದ್ದೀನಿ" ಎಂದೆ. ಅವಳು ಗಂಟಲು ಸರಿಮಾಡಿಕೊಂಡು ಶುರುಮಾಡಿದಳು.